ಯಶವಂತಪುರದ ಸೋಪು, ಯಲಹಂಕದ ಮೇಣ: ಪರಿಮಳವನ್ನು ಗಟ್ಟಿ ಮಾಡಿದ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ. ಗಾಳಿಗೆ ಹಾರಿಹೋಗೋ ಪರಿಮಳವನ್ನ ಕೈಯಲ್ಲಿ ಹಿಡಿಯೋ ವಸ್ತುವಾಗಿ ಮಾಡೋದು ಹೇಗೆ?

ವ್ಯಾಕ್ಸ್ ಮೆಲ್ಟ್ ನೋಡಿದ್ದೀರಾ? ಇನ್‌ಸ್ಟಾಗ್ರಾಮ್ ಸ್ಕ್ರೋಲ್ ಮಾಡ್ತಿದ್ರೆ ಸಿಕ್ಕೇ ಸಿಗುತ್ತೆ. ಹೂವಿನ ಆಕಾರದ, ಚಾಕೊಲೇಟ್ ತುಂಡಿನಂಥ ಮೇಣದ ಬಿಲ್ಲೆ. ಬತ್ತಿ ಇರಲ್ಲ. ಬರ್ನರ್ ಮೇಲಿಟ್ಟರೆ ಕರಗಿ, ರೂಮೆಲ್ಲ ಘಮ ಘಮ. ನಮ್ಮ ಯಲಹಂಕ, ಹೆಬ್ಬಾಳ, ಆರ್‌.ಟಿ. ನಗರದ ಕಡೆ ಅಡುಗೆಮನೆಯಲ್ಲೇ ಇದನ್ನ ಮಾಡಿ ಮಾರೋರಿದ್ದಾರೆ. ನನಗೆ ಪರಿಚಯದ ಒಬ್ಬರು ಏಪ್ರಿಲ್‌ನಲ್ಲಿ ಕಲಬುರಗಿಗೆ ಒಂದು ಬಾಕ್ಸ್ ಕಳಿಸಿದ್ರು. ಗಿರಾಕಿ ತೆರೆದು ನೋಡಿದ್ರೆ ಹನ್ನೆರಡು ಹೂವೂ ಸೇರಿ ಒಂದು ಮುದ್ದೆ!

ಕಾರಣ ಸರಳ. ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತಲ್ಲ, ಅದು ಕರಗೋದು ಸುಮಾರು 24 ಡಿಗ್ರಿಗೆ. ಸೋಯಾ ಮೇಣ ಕರಗೋದು ಹೆಚ್ಚೂಕಡಿಮೆ 50 ಡಿಗ್ರಿಯಲ್ಲಿ, ಆದರೆ ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗಿರುತ್ತೆ. ಜೊತೆಗೆ 100 ಗ್ರಾಂ ಮೇಣಕ್ಕೆ 6ರಿಂದ 10 ಗ್ರಾಂ ಸುಗಂಧದ ಎಣ್ಣೆ ಹಾಕ್ತಾರೆ. ಎಣ್ಣೆ ದ್ರವ, ಹಾಗಾಗಿ ಘಮ ಹೆಚ್ಚಿಸಿದಷ್ಟೂ ಬಿಲ್ಲೆ ಇನ್ನಷ್ಟು ಮೆತ್ತಗೆ. ಸರಿ, ತೀರಾ ಗಟ್ಟಿ ಮೇಣ ತಗೊಂಡ್ರೆ? ಅದು ಕರಗೋದೂ ತಡ, ಘಮ ಬಿಡೋದೂ ತಡ. ಹಾಗಾಗಿ ಬೆರಕೆಯೇ ದಾರಿ. ಸೋಯಾಗೆ ಸ್ವಲ್ಪ ಜೇನುಮೇಣ ಸೇರಿಸಬಹುದು, ಅದು ಕರಗೋದು 62–64 ಡಿಗ್ರಿಗೆ. ಇಲ್ಲಾಂದ್ರೆ ಸ್ಟಿಯರಿಕ್ ಆಸಿಡ್, ಅದಕ್ಕೆ 69 ಡಿಗ್ರಿ ಬೇಕು.

ಈ ಸ್ಟಿಯರಿಕ್ ಆಸಿಡ್ ಮೊದಲು ಗೊತ್ತಾಗಿದ್ದೇ ಸೋಪಿನಿಂದ. 1811ರ ಹೊತ್ತಿಗೆ ಫ್ರಾನ್ಸ್‌ನ ಮಿಶೆಲ್ ಶೆವ್ರೊಲ್ ಹಂದಿ ಕೊಬ್ಬಿನ ಸೋಪನ್ನ ಒಡೆದು ನೋಡೋಕೆ ಶುರು ಮಾಡಿದರು. ಕೊಬ್ಬಿನೊಳಗೆ ಗಟ್ಟಿ ಭಾಗ ಬೇರೆ, ಮೆತ್ತನೆ ಭಾಗ ಬೇರೆ ಅಂತ ಗೊತ್ತಾಯಿತು. 1825ರಲ್ಲಿ ಗೇ-ಲುಸಾಕ್ ಜೊತೆ ಸೇರಿ, ಆ ಗಟ್ಟಿ ಭಾಗದಿಂದ ಮೇಣದಬತ್ತಿ ಮಾಡೋದಕ್ಕೆ ಪೇಟೆಂಟ್ ಪಡೆದರು. ಅಂದ್ರೆ ಸೋಪು ಮತ್ತು ಮೇಣದಬತ್ತಿ ದಾಯಾದಿಗಳು. ಎರಡಕ್ಕೂ ಅದೇ ತಲೆನೋವು: ಗಟ್ಟಿತನ ಎಷ್ಟು, ಘಮ ಎಷ್ಟು?

ಈಗ ನಮ್ಮೂರಿಗೆ ಬರೋಣ. ಗ್ರೀನ್ ಲೈನ್‌ನಲ್ಲಿ ಮೆಜೆಸ್ಟಿಕ್ ಕಡೆ ಹೋಗ್ತಾ ಯಶವಂತಪುರ ಆದ್ಮೇಲಿನ ಸ್ಟೇಷನ್ ಹೆಸರೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಈ ಫ್ಯಾಕ್ಟರಿಯ ಕಥೆ ಶುರುವಾಗೋದು ಮಾತ್ರ ಮಾರಾಟವಾಗದೆ ಉಳಿದ ಮರದಿಂದ.

1914ಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ, ಹೆಚ್ಚಿನ ಪಾಲು ಜರ್ಮನಿಗೆ ಹೋಗ್ತಿತ್ತು. ಎಣ್ಣೆ ತೆಗೆಯೋ ಕೆಲಸ ಅಲ್ಲಿ. ನಮ್ಮದು ಕೊರಡು ಮಾರೋ ಕೆಲಸ. ಮೊದಲ ಮಹಾಯುದ್ಧ ಶುರುವಾಗಿದ್ದೇ ತಡ, ಆ ದಾರಿ ಬಂದ್ ಆಯಿತು. ಮರ ಗೋದಾಮಿನಲ್ಲೇ ಉಳೀತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಕೈಗಾರಿಕೆಗಳ ಉಸ್ತುವಾರಿ ಆಲ್‌ಫ್ರೆಡ್ ಚಾಟರ್ಟನ್ ಅವರದ್ದು. ಯಶವಂತಪುರಕ್ಕೆ ಹತ್ತಿರದಲ್ಲೇ ಇರೋ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದ್ರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಭಟ್ಟಿ ಇಳಿಸೋದನ್ನ ಪ್ರಯೋಗ ಮಾಡಿ ತೋರಿಸಿದರು. 1916ರಲ್ಲಿ ಮೈಸೂರಲ್ಲಿ ಎಣ್ಣೆ ಕಾರ್ಖಾನೆ ಬಂತು.

ಎಣ್ಣೆ ಬಂತು, ಆದರೆ ಅದನ್ನ ಹಾಗೇ ಮಾರಿದ್ರೆ ಮತ್ತೆ ಕಚ್ಚಾ ಮಾಲು ಮಾರಿದ ಹಾಗೇ. ಸೋಪು ಮಾಡೋಣ ಅಂತ ಹೊರಟರು. ಸೋಸಲೆ ಗರಳಪುರಿ ಶಾಸ್ತ್ರಿ ಅನ್ನೋ ಯುವ ವಿಜ್ಞಾನಿಯನ್ನ ಸೋಪು ಮತ್ತು ಸುಗಂಧದ ವಿದ್ಯೆ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದರು. ಮುಂದೆ ಅವರು ಜನರ ಬಾಯಲ್ಲಿ ‘ಸೋಪ್ ಶಾಸ್ತ್ರಿ’ ಆದರು. ಸರ್ಕಾರಿ ಸೋಪ್ ಫ್ಯಾಕ್ಟರಿ ಮೊದಲು ಇದ್ದದ್ದು ಕಬ್ಬನ್ ಪಾರ್ಕ್ ಹತ್ತಿರ. 1957ರಲ್ಲಿ ಯಶವಂತಪುರ ಕಡೆಯ ಕೈಗಾರಿಕಾ ಬಡಾವಣೆಗೆ ಬಂತು. 1980ರಲ್ಲಿ ಕರ್ನಾಟಕ ಸೋಪ್ಸ್ ಆ್ಯಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಆಯಿತು.

ಅಷ್ಟಕ್ಕೂ ಶಾಸ್ತ್ರಿ ಕಲಿಯಬೇಕಾಗಿದ್ದೇನು? ಕೊಬ್ಬರಿ ಎಣ್ಣೆಯ ಸೋಪು ಚೆನ್ನಾಗಿ ನೊರೆ ಕೊಡುತ್ತೆ, ಆದರೆ ನೀರಲ್ಲಿ ಬೇಗ ಸವೆದುಹೋಗುತ್ತೆ. ಸ್ಟಿಯರಿಕ್, ಪಾಮಿಟಿಕ್ ಆಸಿಡ್ ಹೆಚ್ಚಿರೋ ಕೊಬ್ಬು ಬಾಳಿಕೆ ಕೊಡುತ್ತೆ, ನೊರೆ ಕಡಿಮೆ. ಎರಡನ್ನೂ ಅಳೆದು ಬೆರೆಸಬೇಕು. ಪರಿಮಳ ಹಾಕೋದಕ್ಕೂ ಹೊತ್ತು ಇದೆ. ಮಿಲ್ಡ್ ಸೋಪ್ ವಿಧಾನದಲ್ಲಿ ಮೊದಲು ಸೋಪನ್ನ ಕುದಿಸಿ, ಒಣಗಿಸಿ, ಶಾವಿಗೆ ಥರ ಮಾಡ್ತಾರೆ. ಘಮ ಸೇರಿಸೋದು ಆಮೇಲೆ. ಕುದಿಯೋವಾಗಲೇ ಹಾಕಿದ್ರೆ ಅದು ಹಬೆ ಜೊತೆ ಹೋಯ್ತು ಅಂತಲೇ ಲೆಕ್ಕ. ವ್ಯಾಕ್ಸ್ ಮೆಲ್ಟ್ ಮಾಡೋರೂ ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೇ ಸುಗಂಧ ಹಾಕೋದು ಇದಕ್ಕೇ.

ಶ್ರೀಗಂಧಕ್ಕೆ ಇಲ್ಲೊಂದು ಅನುಕೂಲ ಇದೆ. ಅದರ ಚೇಗಿನ ಎಣ್ಣೆಯಲ್ಲಿರೋ ಸ್ಯಾಂಟಲಾಲ್ ಕುದಿಯೋದು ಸುಮಾರು 300 ಡಿಗ್ರಿಗೆ. ಅಷ್ಟು ಭಾರದ ಅಣು ಬೇಗ ಹಾರಲ್ಲ, ಜೊತೆಗಿರೋ ಹಗುರ ಪರಿಮಳಗಳನ್ನೂ ಹಿಡಿದಿಟ್ಟುಕೊಳ್ಳುತ್ತೆ.

ಬಿ.ಕಾಂ.ನಲ್ಲಿ ‘ಮೌಲ್ಯವರ್ಧನೆ’ ಅಂತ ಎರಡು ಮಾರ್ಕಿನ ಪ್ರಶ್ನೆಗೆ ನಾನು ಡೆಫಿನಿಷನ್ ಬಾಯಿಪಾಠ ಮಾಡಿದ್ದೆ. ಈ ಕಥೆ ಓದಿದ ಮೇಲೆ ಅದರ ಅರ್ಥ ಹಿಡೀತು. ಮರ ನಮ್ಮ ಕಾಡಲ್ಲೇ ಇತ್ತು. ಆದರೂ ಅದರ ಲಾಭ ಎಷ್ಟೋ ವರ್ಷ ಭಟ್ಟಿ ಇಳಿಸೋದು, ಬೆರೆಸೋದು ಗೊತ್ತಿದ್ದವರ ಪಾಲಾಗ್ತಿತ್ತು. ಸಂಸ್ಥಾನ ಪ್ರಯೋಗಾಲಯಕ್ಕೆ, ಒಬ್ಬ ಹುಡುಗನ ಓದಿಗೆ ದುಡ್ಡು ಹಾಕಿದ ಮೇಲೆ ಲೆಕ್ಕ ಬದಲಾಯಿತು.

ಇವತ್ತು ಸೋಯಾ ಮೇಣ, ಸುಗಂಧದೆಣ್ಣೆ, ಅಚ್ಚು, ಎಲ್ಲವೂ ಒಂದೇ ಆ್ಯಪ್‌ನಲ್ಲಿ ಯಾರಿಗೆ ಬೇಕಾದ್ರೂ ಸಿಗುತ್ತೆ. ಹಾಗಾಗಿ ನೀವೂ ಈ ಬಿಸಿನೆಸ್‌ನಲ್ಲಿದ್ರೆ ಒಂದು ನೋಟ್‌ಬುಕ್ ಇಡಿ. 5 ಗ್ರಾಂ ಸ್ಟಿಯರಿಕ್ ಹಾಕಿದ್ರೆ ಏನಾಯ್ತು, 10 ಹಾಕಿದ್ರೆ ಏನಾಯ್ತು ಅಂತ ಪ್ರತಿ ಸಲ ಬರೆದಿಡಿ. ಕಲಬುರಗಿಯ ಏಪ್ರಿಲ್ ತಡೆಯೋ ಪಾಕ ನಿಮ್ಮ ಕೈಗೆ ಸಿಕ್ಕ ದಿನ, ಅದು ನಿಮ್ಮದೇ ಬಂಡವಾಳ.