ಯಾರೋ ಶಾಖ ಹೆಚ್ಚಿಸಿದರು, ನೊಣ ಉತ್ತರ ಕೊಟ್ಟಿತು

ಇವತ್ತು ವ್ಯಾಕ್ಸಿನ್ ಕಥೆ. ಆದ್ರೆ ಇದು ಶುರುವಾಗೋದು ಆಸ್ಪತ್ರೆಯಲ್ಲಲ್ಲ. ಕಳಿತ ಬಾಳೆಹಣ್ಣಿಗೆ ಮುತ್ತಿಕೊಳ್ಳುತ್ತಲ್ಲ, ಆ ಪುಟ್ಟ ಹಣ್ಣುನೊಣದಿಂದ.

1960ರ ದಶಕದ ಆರಂಭ, ಇಟಲಿ. ಫೆರುಚ್ಚಿಯೊ ರಿತೋಸ್ಸ ಅನ್ನೋ ಯುವ ವಿಜ್ಞಾನಿ ನೊಣದ ಮರಿಹುಳುಗಳ ಜೊಲ್ಲುಗ್ರಂಥಿ ತೆಗೆದು, ಅದರ ಕ್ರೋಮೋಸೋಮ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಒಂದು ದಿನ ಲ್ಯಾಬಿನಲ್ಲಿ ಯಾರೋ ಇನ್‌ಕ್ಯುಬೇಟರಿನ ಶಾಖ ಹೆಚ್ಚಿಸಿಬಿಟ್ಟಿದ್ದರು. ಬೇರೆಯವರಾಗಿದ್ದರೆ ಬೈದು, ಸ್ಯಾಂಪಲ್ ಎಸೆದು ಮನೆಗೆ ಹೋಗುತ್ತಿದ್ದರೇನೋ. ರಿತೋಸ್ಸ ನೋಡಿದರು. ಕ್ರೋಮೋಸೋಮಿನ ಮೇಲೆ ಹೊಸ ಜಾಗಗಳಲ್ಲಿ ಉಬ್ಬುಗಳು! ಅಂದ್ರೆ, ಬಿಸಿ ತಾಕಿದ ತಕ್ಷಣ ಮಲಗಿದ್ದ ಜೀನ್‌ಗಳು ಎದ್ದು ಕೂತಿದ್ದವು.

ಬರೆದು ಕಳಿಸಿದರು. ದೊಡ್ಡ ಜರ್ನಲ್ ಒಂದು, ಇದರಿಂದ ಏನು ಪ್ರಯೋಜನ ಅಂತ ವಾಪಸ್ ಮಾಡಿತು. 1962ರಲ್ಲಿ ಬೇರೆ ಕಡೆ ಪ್ರಕಟವಾಯ್ತು. ಆ ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳನ್ನು ಗುರುತಿಸಿದ್ದು 1974ರಲ್ಲಿ, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ. ಅವಕ್ಕೆ ಹೀಟ್ ಶಾಕ್ ಪ್ರೋಟೀನ್ ಅನ್ನೋ ಹೆಸರೇ ನಿಂತಿತು. ಬ್ಯಾಕ್ಟೀರಿಯಾದಿಂದ ಹಿಡಿದು ನನ್ನ-ನಿಮ್ಮ ತನಕ ಎಲ್ಲರ ಜೀವಕೋಶದಲ್ಲೂ ಇವೆ. ಆಕಾರ ಕೆಟ್ಟ ಪ್ರೋಟೀನ್‌ಗಳನ್ನು ಸರಿ ಮಾಡೋದು ಇವುಗಳ ಕೆಲಸ. ಇಂಜಿನಿಯರಿಂಗ್ ಓದಿದ ನನ್ನ ಭಾಷೆಯಲ್ಲಿ ಹೇಳೋದಾದ್ರೆ, ಮೆಂಟೆನೆನ್ಸ್ ಗ್ಯಾಂಗ್.

ವ್ಯಾಕ್ಸಿನ್‌ಗೂ ಇದಕ್ಕೂ ಏನು ಸಂಬಂಧ? ಇಡೀ ವೈರಸ್ ಬೇಡ, ಅದರ ಒಂದು ಚಿಕ್ಕ ತುಣುಕು, ಪೆಪ್ಟೈಡ್, ಸಾಕು ಅನ್ನೋದು ವಿಜ್ಞಾನಿಗಳ ಹಳೇ ಆಸೆ. ಸುರಕ್ಷಿತ, ಲ್ಯಾಬಿನಲ್ಲೇ ತಯಾರಿಸಬಹುದು. ತೊಂದರೆ ಏನಂದ್ರೆ, ಅಷ್ಟು ಚಿಕ್ಕ ತುಣುಕನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಕ್ಯಾರೇ ಅನ್ನಲ್ಲ. ಆ್ಯಂಟಿಬಾಡಿ ತಯಾರಿಸುವ ಬಿ ಕೋಶಕ್ಕೆ ಟಿ ಕೋಶದ ಸಹಾಯ ಬೇಕು. ಒಂಟಿ ತುಣುಕಿಗೆ ಆ ಸಹಾಯ ಸುಲಭವಾಗಿ ಸಿಗಲ್ಲ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಇರುನ್ ಕೋಹೆನ್ ಇಲ್ಲಿ ಒಂದು ಜಾಣ ದಾರಿ ಹಿಡಿದರು. ಆರೋಗ್ಯವಂತರ ದೇಹದಲ್ಲೂ ಎಚ್‌ಎಸ್‌ಪಿ60 ಅನ್ನೋ ಹೀಟ್ ಶಾಕ್ ಪ್ರೋಟೀನನ್ನು ಗುರುತಿಸುವ ಟಿ ಕೋಶಗಳು ಮೊದಲಿನಿಂದಲೇ ಇರುತ್ತವೆ. ಹಾಗಾದ್ರೆ ಅದೇ ಪ್ರೋಟೀನಿನ ಒಂದು ತುಣುಕನ್ನು ವೈರಸ್ ತುಣುಕಿಗೆ ಅಂಟಿಸಿಬಿಟ್ಟರೆ? ಪರಿಚಯದವರ ಜೊತೆ ಬಂದ ಅಪರಿಚಿತನನ್ನೂ ಮನೆಯವರು ತಿರುಗಿ ನೋಡ್ತಾರೆ ತಾನೇ? ಆ ಎಚ್‌ಎಸ್‌ಪಿ ತುಣುಕಿನ ಹೆಸರು ಪಿ458.

ವೆಸ್ಟ್ ನೈಲ್ ವೈರಸ್ ಮೇಲೆ ಇದರ ಪರೀಕ್ಷೆ ನಡೆಯಿತು. 1937ರಲ್ಲಿ ಉಗಾಂಡಾದಲ್ಲಿ ಪತ್ತೆಯಾಗಿ, 1999ರಲ್ಲಿ ನ್ಯೂಯಾರ್ಕಿನ ಕಾಗೆಗಳನ್ನು ರಾಶಿ ರಾಶಿ ಕೆಡವಿದ, ಸೊಳ್ಳೆಯಿಂದ ಹರಡುವ ವೈರಸ್ ಇದು. ವೈರಸ್ಸಿನ ಹೊರಕವಚದ ತುಣುಕು ಒಂಟಿಯಾಗಿ ಇಲಿಗಳಿಗೆ ಕೊಟ್ಟರೆ ಉಪಯೋಗ ಇಲ್ಲ. ಪಿ458 ಜೊತೆ ಅಂಟಿಸಿ ಕೊಟ್ಟರೆ ಆ್ಯಂಟಿಬಾಡಿ ಬಂತು, ಕೊಲ್ಲುವಂಥ ಸೋಂಕನ್ನೂ ಇಲಿಗಳು ತಡೆದುಕೊಂಡವು. ಇದು ಪ್ರಕಟವಾದದ್ದು 2010ರಲ್ಲಿ. ನೊಣದಿಂದ ಇಲಿಯವರೆಗೆ ಬರಲು 48 ವರ್ಷ!

ಮನುಷ್ಯರ ಮೇಲೆ? ಹೈದರಾಬಾದಿನ ಸಿಸಿಎಂಬಿಯಲ್ಲಿ ಪಿಎಚ್‌ಡಿ ಮಾಡಿ ಅಮೆರಿಕಕ್ಕೆ ಹೋದ ಪ್ರಮೋದ್ ಶ್ರೀವಾಸ್ತವ ಅವರು ಹೀಟ್ ಶಾಕ್ ಪ್ರೋಟೀನ್‌ಗಳು ಪೆಪ್ಟೈಡ್ ಹೊತ್ತು ತಿರುಗುತ್ತವೆ ಅಂತ ತೋರಿಸಿದವರಲ್ಲಿ ಪ್ರಮುಖರು. ಅದೇ ದಾರಿಯಲ್ಲಿ, ಹರ್ಪಿಸ್ ವೈರಸ್ಸಿನ 32 ತುಣುಕುಗಳನ್ನು ಎಚ್‌ಎಸ್‌ಪಿ ಮೇಲೆ ಹೊರಿಸಿದ ಲಸಿಕೆಯೊಂದು ಮನುಷ್ಯರ ಮೇಲಿನ ಪರೀಕ್ಷೆಗೂ ಬಂತು. ಟಿ ಕೋಶಗಳು ಎಚ್ಚೆತ್ತವು, ನಿಜ. ಆದ್ರೆ ಮೆಡಿಕಲ್ ಶಾಪಿಗೆ ಆ ಲಸಿಕೆ ಬರಲೇ ಇಲ್ಲ. "ಲಸಿಕೆ ರೆಡಿ!" ಅಂತ ಬ್ರೇಕಿಂಗ್ ಹಾಕುವ ನಾವು ಚಾನೆಲ್‌ನವರು ಈ ಅಂತರವನ್ನು ಹೇಳೋದೇ ಇಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ವೆಸ್ಟ್ ನೈಲ್ ಇರುವ ಫ್ಲೇವಿವೈರಸ್ ಕುಟುಂಬದಲ್ಲೇ ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಅದಕ್ಕಿದ್ದ ಹಳೇ ಲಸಿಕೆ ಎಷ್ಟು ದುರ್ಬಲ ಅಂದ್ರೆ, ಎರಡು ಡೋಸ್, ಮೇಲೊಂದು ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. ಪರಿಣಾಮ ಸಾಲದು ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ತೀರ್ಥಹಳ್ಳಿ, ಸಾಗರದ ಕಡೆ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರು ಅದಾದ ಮೇಲೂ ಉಣ್ಣೆ ಕಚ್ಚದಿರಲಿ ಅಂತ ಮೈಗೆ ಎಣ್ಣೆ ಹಚ್ಚಿಕೊಂಡೇ ಹೋಗಬೇಕಾಯ್ತು.