ಸತ್ಯ ಪರಿಶೀಲನೆ: ಬಾಡಿಗೆ ಕರಾರು ಇದ್ದರೆ ಪಿಜಿಗೆ ಪರವಾನಗಿ ಬೇಡವೇ?

ಸಾರಾಂಶ

ಬಾಡಿಗೆ ಕರಾರುಪತ್ರ ಬರೆಸಿಕೊಂಡರೆ ಸಾಕು, ಪಿಜಿ ನಡೆಸಲು ಪಾಲಿಕೆಯ ಪರವಾನಗಿ ಬೇಕಿಲ್ಲ ಎಂಬ ಮಾತಿದೆ. ನಾವು ಪರಿಶೀಲಿಸಿದಾಗ ಇದು ಬಹುಪಾಲು ತಪ್ಪು ಎಂದು ಕಂಡುಬಂದಿದೆ.

ಹೇಳಿಕೆ

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಓದಲು ವಿಜಯಪುರಕ್ಕೆ ಬರುವ ಮಕ್ಕಳು ಪಿಜಿ ಅಥವಾ ಹಂಚಿಕೆ ಕೊಠಡಿ ಹುಡುಕುತ್ತಾರೆ. ಲೈಸೆನ್ಸ್ ಬಗ್ಗೆ ಪಾಲಕರು ಕೇಳಿದರೆ, ‘11 ತಿಂಗಳ ಅಗ್ರಿಮೆಂಟ್ ಇದೆಯಲ್ಲ’ ಎಂಬ ಉತ್ತರ ಸಿಗುವುದುಂಟು.

ಕರಾರು ಮತ್ತು ಪರವಾನಗಿ ಒಂದೇ ಏನು?

ಅಲ್ಲ. ಕರಾರು ಮಾಲೀಕರು ಮತ್ತು ಬಾಡಿಗೆದಾರರ ನಡುವಿನ ಒಪ್ಪಂದ. ಬಾಡಿಗೆ, ಮುಂಗಡ, ನೋಟಿಸ್ ಅವಧಿ ಅದರಲ್ಲಿರುತ್ತವೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಹಾಗಾಗಿಯೇ 11 ತಿಂಗಳ ರೂಢಿ ಬಂದಿದೆ. ಆ ಕಟ್ಟಡದಲ್ಲಿ ಹತ್ತಾರು ಜನ ಸುರಕ್ಷಿತವಾಗಿ ಇರಬಹುದೇ ಎಂಬುದನ್ನು ಕರಾರು ಹೇಳುವುದಿಲ್ಲ. ಅದನ್ನು ನೋಡುವುದು ಪರವಾನಗಿ.

ವಿಜಯಪುರದಲ್ಲಿ ಯಾವ ಕಾನೂನು?

ಮಹಾನಗರ ಪಾಲಿಕೆಗೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ ಅನ್ವಯಿಸುತ್ತದೆ. ವ್ಯಾಪಾರ ಪರವಾನಗಿಯ ಅಧಿಕಾರ ಅದರಲ್ಲಿದೆ. ಒಂದು ಕುಟುಂಬಕ್ಕೆ ಮನೆ ಬಾಡಿಗೆ ಕೊಡುವುದು ಬೇರೆ, ಹಾಸಿಗೆ ಲೆಕ್ಕದಲ್ಲಿ ಊಟ ಸಹಿತ ಪಿಜಿ ನಡೆಸುವುದು ಬೇರೆ. ಊಟ ಕೊಡುವವರಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಅಥವಾ ಪರವಾನಗಿಯೂ ಬೇಕು. ತಿಕೋಟಾ, ಬಬಲೇಶ್ವರದಲ್ಲೇ ಪಿಜಿ ತೆರೆಯುವವರು ಅಲ್ಲಿನ ಸ್ಥಳೀಯ ಸಂಸ್ಥೆಯನ್ನು ವಿಚಾರಿಸಬೇಕು.

ಬೆಂಗಳೂರಿನ ನಿಯಮ ಇಲ್ಲಿಗೂ ಅನ್ವಯವೇ?

ನೇರವಾಗಿ ಇಲ್ಲ. 2024ರ ಆಗಸ್ಟ್‌ನಲ್ಲಿ ಅಂದಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, 24 ಗಂಟೆ ಭದ್ರತಾ ಸಿಬ್ಬಂದಿ, ಪ್ರಥಮ ಚಿಕಿತ್ಸಾ ಪೆಟ್ಟಿಗೆ ಅದರಲ್ಲಿದ್ದವು. ಅವು ಬೆಂಗಳೂರಿಗಷ್ಟೇ ಸೀಮಿತ. ಆದರೂ ಕೊಠಡಿ ನೋಡಲು ಹೋದಾಗ ಅಳತೆಗೋಲಾಗಿ ಬಳಸಲು ಅಡ್ಡಿಯಿಲ್ಲ.

ಪಿಜಿ ಬಾಡಿಗೆಗೆ ಜಿಎಸ್‌ಟಿ ಇದೆಯೇ?

2024ರ ಜೂನ್‌ನ ಜಿಎಸ್‌ಟಿ ಮಂಡಳಿ ಸಭೆಯ ಶಿಫಾರಸಿನ ಬಳಿಕ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿಗೆ ವಿನಾಯಿತಿ ಸಿಕ್ಕಿದೆ. ಕನಿಷ್ಠ 90 ದಿನ ಸತತವಾಗಿ ಉಳಿಯಬೇಕು.

ಪಾಲಕರು ಏನು ಮಾಡಬೇಕು?

ಮುಂಗಡ ಕೊಡುವ ಮೊದಲು ಪರವಾನಗಿ ಪತ್ರ ಕೇಳಿ, ಅದರಲ್ಲಿನ ವಿಳಾಸ ಮತ್ತು ಅವಧಿ ನೋಡಿ. ಬೆಂಕಿ ಬಿದ್ದರೆ ಹೊರಬರುವ ದಾರಿ ಯಾವುದು, ಕಿಟಕಿ ತೆರೆಯುತ್ತದೆಯೇ, ರಾತ್ರಿ ಬಾಗಿಲ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಕೇಳಿ. ಮುಂಗಡಕ್ಕೆ ರಸೀದಿ ಪಡೆಯಿರಿ. ಪತ್ರ ತೋರಿಸಲು ಒಪ್ಪದಿದ್ದರೆ ಪಾಲಿಕೆ ಕಚೇರಿಯಲ್ಲಿ ವಿಚಾರಿಸಿ.

ತೀರ್ಪು

ಕರಾರು ನಿಮ್ಮ ಹಣಕ್ಕೆ ಆಧಾರ, ಪರವಾನಗಿ ಮಕ್ಕಳ ಸುರಕ್ಷತೆಗೆ ಆಧಾರ. ಒಂದಿದ್ದರೆ ಇನ್ನೊಂದು ಬೇಡ ಎಂಬುದು ಬಹುಪಾಲು ತಪ್ಪು.