ದಪ್ಪ ದನಿ, ಸಣ್ಣ ದನಿ

ಮಾಂಬಳ್ಳಿಯ ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಇತ್ತು. ಜಾತ್ರೆಯಲ್ಲಿ ದೊಡ್ಡಪ್ಪ ಕಂಸಾಳೆ ಹಿಡಿದು ಮಾದಪ್ಪನ ಕತೆ ಹಾಡಿದ್ದನ್ನು ಯಾರೋ ಟೇಪ್ ಮಾಡಿಕೊಂಡದ್ದು. ದೊಡ್ಡಪ್ಪನ ದನಿ ಈಗ ಉಳಿದಿರುವುದು ಅದೊಂದರಲ್ಲೇ. ಕಂಪ್ಯೂಟರಿಗೆ ಇಳಿಸಿಕೊಂಡು ಬುಕ್‌ಶೆಲ್ಫ್ ಸ್ಪೀಕರುಗಳಲ್ಲಿ ಕೇಳಿದರೆ, ಹಿಂದೆಲ್ಲೋ ನಗಾರಿ ಬಿದ್ದಾಗಲೆಲ್ಲ ಹಾಡಿನ ಮಾತು ನಡುಗಿ ಒಡೆಯುತ್ತಿತ್ತು. ಸಬ್‌ವೂಫರ್ ತಂದೆ. ನಗಾರಿ ಇನ್ನೂ ಜೋರಾಯಿತು, ಮಾತು ಒಡೆಯುವುದು ನಿಲ್ಲಲಿಲ್ಲ.

ದಪ್ಪ ದನಿ ಹೊಸ ಪೆಟ್ಟಿಗೆಗೆ ಹೋಗಿತ್ತು, ಸರಿ. ಆದರೆ ಸಣ್ಣ ಸ್ಪೀಕರಿನಿಂದ ಅದನ್ನು ಯಾರೂ ತೆಗೆದಿರಲಿಲ್ಲ. ಐದು ಇಂಚಿನ ಒಂದೇ ಕೋನು ನಗಾರಿಗೆ ಹಿಂದೆ ಮುಂದೆ ತೂಗಾಡುತ್ತಲೇ ದೊಡ್ಡಪ್ಪನನ್ನೂ ಹಾಡಿಸಬೇಕು. ದನಿಯನ್ನು ಸೀಳಿ ಅವರವರ ಪಾಲು ಅವರವರಿಗೆ ಹಂಚುವ ಸಲಕರಣೆಯೇ ಕ್ರಾಸ್‌ಓವರ್.

ಈ ಹಂಚಿಕೆ ಹಳೆಯದು. 1933ರ ಏಪ್ರಿಲ್ 27ರಂದು ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸಿದ ಆರ್ಕೆಸ್ಟ್ರಾವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದರು. ಅಲ್ಲಿ ಸುಮಾರು 300 ಹರ್ಟ್ಜ್‌ನ ಕೆಳಗಿನದ್ದಕ್ಕೆ ಒಂದು ದೊಡ್ಡ ಹಾರ್ನ್, ಮೇಲಿನದ್ದಕ್ಕೆ ಸಣ್ಣ ಹಾರ್ನ್‌ಗಳು. ನಿರ್ವಾಹಕ ಸ್ಟೊಕೊವ್‌ಸ್ಕಿ ವಾದ್ಯಗಾರರನ್ನು ಬಿಟ್ಟು, ವಾಷಿಂಗ್ಟನ್ನಿನಲ್ಲಿ ಗುಂಡಿಗಳ ಮುಂದೆ ಕೂತಿದ್ದರಂತೆ! ಮರುವರ್ಷ ನಮ್ಮಲ್ಲಿ ‘ಸತಿ ಸುಲೋಚನ’ ಬಂತು, ಕನ್ನಡ ತೆರೆಯೂ ಮಾತಾಡಿತು. ಟಾಕಿ ಬಂದ ಮೇಲೆ ಈ ಹಂಚಿಕೆ ಸಿನಿಮಾ ಮಂದಿರಗಳಿಗೂ ಬೇಕಾಯಿತು. ಸೀಳಿದ್ದು ಗಾಳಿಯಲ್ಲಿ ಮತ್ತೆ ಏರುತಗ್ಗಿಲ್ಲದೆ ಒಂದಾಗುವ ಲೆಕ್ಕವನ್ನು ಲಿಂಕ್‌ವಿಟ್ಜ್ ಮತ್ತು ರೈಲಿ ಎಂಬ ಎಂಜಿನಿಯರುಗಳು 1976ರಲ್ಲಿ ಕೊಟ್ಟರು. ಇವತ್ತಿನ ಹೋಂ ಥಿಯೇಟರ್ ರಿಸೀವರುಗಳ ಒಳಗೆ ಸಾಮಾನ್ಯವಾಗಿ 80 ಹರ್ಟ್ಜ್‌ಗೆ ಕೂತಿರುವುದು ಆ ಸಂತತಿಯದೇ. ಅಷ್ಟು ಕೆಳಗಿನ ದನಿ ಯಾವ ಕಡೆಯಿಂದ ಬಂತೆಂದು ಕಿವಿಗೆ ಸುಲಭವಾಗಿ ಹತ್ತುವುದಿಲ್ಲ, ಹಾಗಾಗಿ ಸಬ್‌ವೂಫರ್ ಮೂಲೆಯಲ್ಲಿದ್ದರೂ ನಡೆಯುತ್ತದೆ.

ನನ್ನಲ್ಲಿ ರಿಸೀವರ್ ಇರಲಿಲ್ಲ, ದುಡ್ಡೂ ಇರಲಿಲ್ಲ. ಲೆಕ್ಕ ಹಾಕಿದೆ. ಎಂಟು ಓಮ್ ಸ್ಪೀಕರಿನ ತಂತಿಯಲ್ಲೇ 80 ಹರ್ಟ್ಜ್‌ಗೆ ತಡೆಯಬೇಕಾದರೆ ಸುಮಾರು 250 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬೇಕು. ಒಳ್ಳೆಯದು ದುಬಾರಿ, ಗಾತ್ರವೂ ದೊಡ್ಡದು. ಅದೇ ಕೆಲಸವನ್ನು ಆಂಪ್ಲಿಫೈಯರಿಗೆ ಹೋಗುವ ಸಣ್ಣ ತಂತಿಯಲ್ಲಿ ಮಾಡಿದರೆ? ಆಂಪ್ಲಿಫೈಯರಿನ ಒಳಬಾಗಿಲ ತಡೆ 20,000 ಓಮ್ ಇದ್ದರೆ 0.1 ಮೈಕ್ರೋಫ್ಯಾರಡ್ ಸಾಕು. ಕಿರುಬೆರಳ ಉಗುರಿನಷ್ಟು, ಕೆಲವೇ ರೂಪಾಯಿ. ಎಡಕ್ಕೊಂದು, ಬಲಕ್ಕೊಂದು ಬೆಸೆದೆ. ಸಬ್‌ವೂಫರಿಗೆ ಹೋಗುವ ತಂತಿಯನ್ನು ಮುಟ್ಟಲಿಲ್ಲ, ಅದರ ಬೆನ್ನಿನ ಗುಂಡಿಯನ್ನು 80ಕ್ಕೆ ತಿರುಗಿಸಿದೆ. ಈ ತಡೆ ಇಳಿಜಾರಿನಂತೆ ಮೆಲ್ಲಗೆ ಇಳಿಯುತ್ತದೆ, ಲಿಂಕ್‌ವಿಟ್ಜ್‌ರಂತೆ ಕಡಿದಾಗಿ ಅಲ್ಲ. ನನ್ನ ಕೋಣೆಗೆ ಸಾಕಾಯಿತು.

ಆ ರಾತ್ರಿ ನಗಾರಿ ಮೂಲೆಗೆ ಸರಿಯಿತು. ದೊಡ್ಡಪ್ಪನ ಮಾತು ಬಿಡಿಬಿಡಿಯಾಗಿ ಕೇಳಿಸಿತು. ಅವರು ಉಸಿರೆಳೆದುಕೊಳ್ಳುವಾಗ ಇನ್ನೊಂದು ದನಿ, ಹೆಂಗಸಿನದು, ಸೊಲ್ಲು ಎತ್ತಿಕೊಳ್ಳುತ್ತದೆ. ಇಷ್ಟು ವರ್ಷ ಅದು ನಗಾರಿಯ ಅಡಿಯಲ್ಲೇ ಇತ್ತು. ಮಾಂಬಳ್ಳಿಗೆ ಫೋನು ಮಾಡಿ ದೊಡ್ಡವ್ವನಿಗೆ ಕೇಳಿಸಿದೆ. ‘ಇನ್ನೊಂದ್ಸಲ ಹಾಕಪ್ಪ’ ಅಂದರು. ಹಾಕಿದೆ. ಯಾರೆಂದು ಹೇಳಲಿಲ್ಲ.